ಕುದುರೆ ಹಿಡಿದವರ ಹೆಬ್ಬೆಟ್ಟು

ಹೋದ ತಿಂಗಳು ಭಾಲ್ಕಿಯಲ್ಲಿ ನನ್ನ ತಂಗಿಯ ಮೊಮ್ಮಗನ ಮದುವೆ. ಮದುಮಗನನ್ನು ಕೂರಿಸಲು ತಂದಿದ್ದ ಬಿಳಿ ಕುದುರೆಯನ್ನು ಪೆಂಡಾಲಿನ ಹಿಂದೆ ಬೇವಿನ ಮರಕ್ಕೆ ಕಟ್ಟಿದ್ದರು. ಕೈ ತೊಳೆಯಲು ಆ ಕಡೆ ಹೋದವನು ಹಾಗೇ ನಿಂತುಬಿಟ್ಟೆ. ನೆನೆಹಾಕಿದ ಕಡಲೆ, ಒದ್ದೆ ಗೋಣಿ, ಕುದುರೆಯ ಬೆವರು ಕೂಡಿದ ವಾಸನೆ. ತಂಗಿ ಬಂದು, "ಅಣ್ಣಾ, ಎಲಿ ಹಾಕ್ಯಾರ, ಇಲ್ಲಿ ಯಾಕ ನಿಂತೀರಿ?" ಎಂದಳು. ಝರೆಪ್ಪ ಕಾಕಾನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೆ ಆತ ಯಾರೆಂದು ಗೊತ್ತಿಲ್ಲ. ಈಗ ಬಹಳ ಜನಕ್ಕೆ ಗೊತ್ತಿಲ್ಲ. ಆ ಒಂದು ಚಳಿಗಾಲದ ಕತೆಯನ್ನು ಬರೆದಿಡಬೇಕು ಅನಿಸಿದ್ದು ಅದಕ್ಕೇ.

ಐವತ್ತಾರರ ನವೆಂಬರಿನಲ್ಲಿ, ಅದುವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಕಚೇರಿಯ ಹಳೆಯ ಕಡತಗಳೆಲ್ಲ ಉರ್ದುವಿನಲ್ಲಿದ್ದವು. ಹೊಸದಾಗಿ ಬಂದ ಅಧಿಕಾರಿಗಳಿಗೆ ಉರ್ದು ಬಾರದು. ನಾನು ಶಾಲೆಯಲ್ಲಿ ಕಲಿತದ್ದು ಉರ್ದು. ಮನೆಯಲ್ಲಿ ಅಪ್ಪ ಬೆಳಿಗ್ಗೆ ವಚನ ಓದಿಸಿ ಓದಿಸಿ ಕನ್ನಡ ಕಲಿಸಿದ್ದರು. ಎರಡೂ ಬರುತ್ತದೆ ಎಂದು ನನ್ನನ್ನು ತಾತ್ಕಾಲಿಕವಾಗಿ ಅನುವಾದಕನ ಕೆಲಸಕ್ಕೆ ತೆಗೆದುಕೊಂಡರು. ಜನ ಮಾತ್ರ ಹಳೆಯ ರೂಢಿಯಂತೆ ನನ್ನನ್ನು ಮುನ್ಷಿ ಎಂದೇ ಕರೆದರು.

ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಶ್ರೀಕಂಠಯ್ಯ ಎಂಬ ಅಧಿಕಾರಿ ಬಂದರು. ಸಣ್ಣ ಆಳು, ಕರಿ ಕೋಟು, ನಮ್ಮೂರ ಚಳಿಗೆ ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರು. ಅವರ ಕೆಲಸ ಕುದುರೆ ಜೂಜಿನದು. ಬೇರೆ ಬೇರೆ ಸೀಮೆಗಳು ಕೂಡಿ ಒಂದು ರಾಜ್ಯವಾಗಿದ್ದರಿಂದ ಒಂದೊಂದು ಕಡೆ ಒಂದೊಂದು ಕಾನೂನು. ರೇಸ್ ಮೈದಾನದೊಳಗೆ ನಿಂತು ಬಾಜಿ ಕಟ್ಟಿದರೆ ತಪ್ಪಿಲ್ಲ; ದೂರದ ಊರಲ್ಲಿ ಕೂತು ಕಟ್ಟಿದರೆ ಅಪರಾಧ. ಆದರೂ ಎಲ್ಲ ಊರುಗಳಲ್ಲೂ ಅದು ಕದ್ದು ನಡೆಯುತ್ತಿತ್ತು. ಹಾಗೆ ದೂರದಿಂದ ಬಾಜಿ ಕಟ್ಟುವುದಕ್ಕೆ ಲೈಸೆನ್ಸು ಕೊಟ್ಟು ಬೆಳಕಿಗೆ ತರಬಹುದೇ ಎಂದು ಜನರನ್ನು ಕೇಳಿ ಅವರು ವರದಿ ಬರೆಯಬೇಕಿತ್ತು. ನಾನು ಅವರ ಜೊತೆಗಾರ. ಅವರು "ಪಣ" ಎಂದರೆ ನಮ್ಮ ಜನ ಪಿಳಿಪಿಳಿ ನೋಡುತ್ತಿದ್ದರು. ನಾನು "ಬಾಜಿರೀ, ಬಾಜಿ" ಎನ್ನುತ್ತಿದ್ದೆ. ಉರ್ದುವಿಗಿಂತ ಹೆಚ್ಚಾಗಿ ನಾನು ಕನ್ನಡದಿಂದ ಕನ್ನಡಕ್ಕೇ ಅನುವಾದ ಮಾಡಿದೆನೇನೋ.

ಬೀದರಿನಲ್ಲಿ ಬಾಜಿ ಎಂದರೆ ವೈಜಿನಾಥಪ್ಪ. ಚೌಬಾರ ಗೋಪುರದ ಹತ್ತಿರ ಅವರದೊಂದು ಚಹಾದ ಹೋಟೆಲು. ಹಿಂದಿನ ಕೋಣೆಯಲ್ಲಿ ಚೀಟಿ ಬರೆಸುತ್ತಿದ್ದರು. ಮುಂಜಾನೆಯ ರೈಲಿಗೆ ಒಬ್ಬ ಆ ಚೀಟಿಗಳನ್ನು ಹೈದರಾಬಾದಿಗೆ ಒಯ್ಯುತ್ತಿದ್ದ, ಸಂಜೆ ತಂತಿಯ ಸುದ್ದಿಯಲ್ಲಿ ಗೆದ್ದ ಕುದುರೆಯ ಹೆಸರು ಬರುತ್ತಿತ್ತು. ಮನುಷ್ಯ ಕೆಟ್ಟವರಲ್ಲ. "ಸಾಹೇಬ್ರ, ಪೋಲೀಸ್ರಿಗಿ ಅಂಜಿ ಅಂಜಿ ಸಾಕಾಗ್ಯಾದರಿ. ಲೈಸನ್ ಕೊಟ್ರ ಎದಿ ಸೆಟದು ಕೂಡ್ತೀನಿ," ಎಂದು ಶ್ರೀಕಂಠಯ್ಯನವರಿಗೆ ಕೈ ಮುಗಿದರು.

ಮರುದಿನ ಭಾಲ್ಕಿಯ ಶಾಲೆಯೊಂದರಲ್ಲಿ ಸಭೆ. ಬೆಂಚುಗಳ ಮೇಲೆ ವ್ಯಾಪಾರಿಗಳು, ಒಬ್ಬಿಬ್ಬರು ವಕೀಲರು. ಲೈಸೆನ್ಸು ಯಾರಿಗೆ, ಎಷ್ಟು ಮಂದಿಗೆ, ಇದೇ ಮಾತು. ಎರಡು ಗಂಟೆಯಾದ ಮೇಲೆ ಬಾಗಿಲ ಹತ್ತಿರದಿಂದ ಒಂದು ದನಿ ಬಂತು.

"ಸಾಹೇಬ್ರ, ಕುದುರಿ ಮ್ಯಾಲ ಬಾಜಿ ಕಟ್ಟವರ ಬಗ್ಗಿ ಭಾಳ ಕೇಳದ್ರಿ. ಕುದುರಿ ಹಿಡಿಯವರ ಬಗ್ಗಿ ಯಾವಾಗ ಕೇಳ್ತೀರಿ?"

ಎಲ್ಲರೂ ತಿರುಗಿದರು. ಐವತ್ತರ ಆಸುಪಾಸಿನ ಎತ್ತರದ ಆಳು. ತಲೆಗೆ ಬಿಳಿ ಪಟಗ, ಮೈಮೇಲೆ ಕರಿ ಕಂಬಳಿ. ಬಲಗೈ ಕಂಬಳಿಯೊಳಗೆ ಜೋತುಬಿದ್ದಿತ್ತು. ಯಾರೋ, "ಏ ಝರೆಪ್ಪ, ಸುಮ್ಮ ಕೂಡು," ಎಂದರು. ಶ್ರೀಕಂಠಯ್ಯನವರು ಪೆನ್ನು ಕೆಳಗಿಟ್ಟು, "ಒಳಗೆ ಬನ್ನಿ, ಕೂತ್ಕೊಂಡು ಹೇಳಿ," ಎಂದರು.

ಹಲಬರ್ಗಾದವನು ಝರೆಪ್ಪ. ಹತ್ತೊಂಬತ್ತು ವರ್ಷ ಹೈದರಾಬಾದ್ ಕಡೆ ಒಬ್ಬ ಶ್ರೀಮಂತರ ರೇಸ್ ಕುದುರೆಗಳ ತಬೇಲಾದಲ್ಲಿ ಸಾಯಿಸನಾಗಿ, ಎಂದರೆ ಕುದುರೆ ನೋಡಿಕೊಳ್ಳುವ ಆಳಾಗಿ ದುಡಿದಿದ್ದ. ಆರು ವರ್ಷದ ಹಿಂದೆ ಹೆಗಲು ಮುರಿದು ಕೈ ಹೋದ ಮೇಲೆ ಊರಿಗೆ ಕಳಿಸಿದ್ದರು. ಆ ಶ್ರೀಮಂತರ ಹೆಸರು ಇಲ್ಲಿ ಬೇಡ. ಬೀದರ್, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಂದ ಎಷ್ಟೋ ಜನ ಹೀಗೆ ಹೋಗಿ ಬಂದಿದ್ದಾರೆ ಎಂದು ಝರೆಪ್ಪ ಹೇಳಿದ. ಒದೆ ತಿಂದವರು, ಕಚ್ಚಿಸಿಕೊಂಡವರು, ಸತ್ತವರು. "ಬಾಜಿ ಕಾನೂನ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆ ಕಾನೂನಿನಾಗ ಕುದುರಿ ಹಿಡಿಯವರದೂ ನಾಕು ಮಾತು ಬರೀರಿ. ಕೈಕಾಲು ಹೋದ್ರ ದವಾ ಯಾರು ಮಾಡ್ಸಬೇಕು, ಸತ್ರ ಹೆಂಡ್ರು ಮಕ್ಕಳಿಗಿ ಏನು ಅಂತ."

"ಹೈದರಾಬಾದ್ ಈಗ ಬೇರೆ ರಾಜ್ಯ ಆಗೋಯ್ತಲ್ಲಪ್ಪ," ಎಂದರು ಶ್ರೀಕಂಠಯ್ಯ.

"ಬೆಂಗಳೂರಾಗ ರೇಸ್ ಇಲ್ಲೇನ್ರಿ? ಮೈಸೂರಾಗ? ನಾಳಿ ನಮ್ಮ ಹುಡುಗರು ಅಲ್ಲಿಗಿ ಹೋಗ್ತಾರರಿ. ನಾವೀಗ ನಿಮ್ಮ ರಾಜ್ಯದವರಾದೆವಲ್ಲ?"

ಶ್ರೀಕಂಠಯ್ಯನವರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. "ಬಾಯಿಮಾತು ಸಾಲದು. ಬರೋ ಗುರುವಾರ ಬೀದರಲ್ಲಿ ಕೊನೇ ಸಭೆ ಇದೆ. ಅಷ್ಟರೊಳಗೆ ಅಂಥವರ ಹೇಳಿಕೆಗಳನ್ನ ಬರೆಸ್ಕೊಂಡು ಬನ್ನಿ. ಈ ಹುಡುಗನ್ನ ನಿಮ್ಮ ಜೊತೆ ಕಳಿಸ್ತೀನಿ," ಎಂದು ನನ್ನನ್ನು ತೋರಿಸಿದರು. ನಮಗೆ ಸಿಕ್ಕದ್ದು ಎಂಟು ದಿನ.

ಮೊದಲು ಝರೆಪ್ಪನ ಮನೆಗೇ ಹೋದೆ. ಸ್ಟೇಷನ್ನಿನಲ್ಲಿ ಇಳಿದು ನಡೆಯುವಾಗ ಎರಡೂ ಬದಿಗೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ನನ್ನನ್ನು ಜಗಲಿಯ ಮೇಲೆ ಕೂರಿಸಿ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದ. ಡಬ್ಬಿಯ ಮೇಲೆ ವಿಭೂತಿ ಹಚ್ಚಿತ್ತು. ಅದರೊಳಗೆ ನಾಲ್ಕು ಮಡಿಕೆಯ ಒಂದು ಕಾಗದ.

"ಮುನ್ಷಿ ಸಾಬ್, ಇದು ನನ್ನ ಸರ್ಟಿಫಿಕೇಟ್ ಅದರಿ. ಹತ್ತೊಂಬತ್ತು ವರ್ಷದ ಕೆಲಸದ್ದು. ಬಿಡೋ ದಿನ ಮಾಲಕರು ಎರಡು ಬರಸಿ, ಹೆಬ್ಬಟ್ಟು ತಗೊಂಡು, ಒಂದು ನನಗ ಕೊಟ್ಟಾರ. ಇದನ್ನ ಎಲ್ಲಾದಕ್ಕಿಂತ ಮ್ಯಾಲ ಹಚ್ಚ್ರಿ, ಸಾಹೇಬ್ರು ನಂಬ್ತಾರ."

ಬಿಡಿಸಿ ನೋಡಿದೆ. ಚೆಂದದ ಉರ್ದು ಬರಹ, ನಾಲ್ಕೇ ಸಾಲು. ಎರಡು ಸಲ ಓದಿದೆ.

"ಚೊಲೋ ಬರದಾರ ಅಲ್ಲರಿ?" ಎಂದ. "ಜೋರಲೆ ಓದ್ರಿ. ನನಗ ಉರ್ದು ತಿಳೀತದ. ಓದಲಿಕ್ಕ ಬರಂಗಿಲ್ಲ, ಅಷ್ಟೇ."

"ಕಾಕಾ, ಇದನ್ನ ಇದಕಿಂತ ಮೊದಲ ಯಾರಾದ್ರೂ ಓದ್ಯಾರೇನು?"

"ಪಟವಾರಿ ಒಮ್ಮಿ ನೋಡ್ಯಾನ. ಚೊಲೋ ಅದ, ಜತನ ಇಟ್ಕೋ ಅಂದ. ಯಾಕರಿ?"

"ನೀವು ಕುಡೀತಿದ್ದಿರೇನು, ಕಾಕಾ?"

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅವನ ಹೆಂಡತಿ ಗುರುಬಾಯಿ ನಕ್ಕುಬಿಟ್ಟಳು. "ಇವರು ಕುಡಿಯದಾ? ಸೆರಿ ವಾಸನಿ ಬಂದ್ರ ಕುದುರಿ ಹತ್ತರ ಬಿಟ್ಕೊಳ್ಳಂಗಿಲ್ಲ ಅಂತ ಮದವಿ ಮನ್ಯಾಗ ಸುದ್ದಾ ಮುಟ್ಟಿಲ್ಲರಿ."

ನನಗೆ ಮುಚ್ಚಿಡಬೇಕು ಅನಿಸಿತು. ಊರ ಲೆಕ್ಕ ಬರೆಯುವ ಪಟವಾರಿಯ ಹಾಗೆ ನಾನೂ ಚೊಲೋ ಅದ ಎಂದುಬಿಟ್ಟರೆ ಆ ಮನೆಯ ನಗು ಹಾಗೇ ಉಳಿಯುತ್ತಿತ್ತು. ಆದರೆ ಗುರುವಾರ ಅದೇ ಕಾಗದ ಸಾಹೇಬರ ಮೇಜಿನ ಮೇಲೆ ಬೀಳುವುದಿತ್ತು. ಓದಿದೆ. ಕಾಗದದಲ್ಲಿದ್ದದ್ದು ಇಷ್ಟು: ಘಟನೆಯ ದಿನ ನಾನು ನಶೆಯಲ್ಲಿದ್ದೆ. ಬಿದ್ದದ್ದು ನನ್ನದೇ ತಪ್ಪು. ಮಾಲೀಕರ ಮೇಲೆ ನನ್ನ ದಾವೆ ಏನೂ ಇಲ್ಲ. ನನ್ನ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಕೆಳಗೆ ಝರೆಪ್ಪನ ಹೆಬ್ಬೆಟ್ಟು.

"ಇನ್ನೊಮ್ಮಿ ಓದ್ರಿ," ಎಂದ.

ಓದಿದೆ. "ನಶೆ ಅಂತ ಎಲ್ಲಿ ಅದ?" ಎಂದು ಕೇಳಿದ. ತೋರಿಸಿದೆ. ಆ ಶಬ್ದದ ಮೇಲೆ ಎಡಗೈ ಬೆರಳಿಟ್ಟು ಬಹಳ ಹೊತ್ತು ನೋಡಿದ. ಗುರುಬಾಯಿ ಚಹಾದ ಬಟ್ಟಲನ್ನು ನೆಲಕ್ಕಿಟ್ಟು ಒಳಗೆ ಹೋದಳು. ಝರೆಪ್ಪ ಎದ್ದು ಹೋಗಿ, ಸುಮ್ಮನೆ ನಿಂತಿದ್ದ ಎಮ್ಮೆಯ ಹಗ್ಗ ಬಿಚ್ಚಿ ಮತ್ತೆ ಕಟ್ಟಿ ಬಂದ.

"ಪಟವಾರಿಗಿ ಗೊತ್ತಿತ್ತು," ಎಂದ. "ಆರು ವರ್ಷ ಇದನ್ನ ದೇವರ ಜಗಲಿ ಮ್ಯಾಲ ಇಟ್ಟಿದ್ದೆ, ತಮ್ಮಾ."

ನನ್ನನ್ನು ತಮ್ಮಾ ಎಂದು ಕರೆದದ್ದು ಅದೇ ಮೊದಲು.

ಆಗ ಆ ದಿನ ನಡೆದದ್ದನ್ನು ಹೇಳಿದ. ಶಬನಮ್ ಎಂಬ ಹೆಣ್ಣು ಕುದುರೆ. ಮುಂಜಾನೆ ಓಡಿಸಿ ತಂದಾಗ ಯಾರೋ ತಗಡಿನ ಬಕೆಟ್ಟು ಬೀಳಿಸಿದರು. ಕುದುರೆ ಬೆದರಿತು. ಮೇಲಿದ್ದ ಸವಾರ ಕೆಳಗೆ ಬಿದ್ದ, ಆದರೆ ಅವನ ಕಾಲು ಜೀನಿಗೆ ಜೋತ ರಿಕಾಬಿನ ಬಳೆಯಲ್ಲೇ ಸಿಕ್ಕಿಕೊಂಡಿತು. ಝರೆಪ್ಪ ಲಗಾಮಿಗೆ ಜೋತುಬಿದ್ದ. ಕುದುರೆ ಅವನನ್ನು ಬೇಲಿಯ ಕಟಕಟೆಯವರೆಗೂ ಎಳೆದೊಯ್ಯಿತು. ಹೆಗಲು ಮುರಿದರೂ ಬಿಡಲಿಲ್ಲ. ಸವಾರ ಉಳಿದ.

"ಕಾಕಾ, ಈ ಕಾಗದ ಬಿಟ್ಟುಬಿಡೋಣ. ಮಂದಿ ಮುಂದ ಓದಿದ್ರ ನಿಮ್ಮ ಮರ್ಯಾದಿ..."

"ಮರ್ಯಾದಿ ಹೋಗಿ ಆರು ವರ್ಷ ಆಯ್ತಲ್ಲ. ನನಗಷ್ಟೇ ಗೊತ್ತಿರ್ಲಿಲ್ಲ." ಕಾಗದವನ್ನು ಮಡಿಚಿ ನನ್ನ ಕೈಗಿಟ್ಟ. "ಇದನ್ನೇ ಓದ್ರಿ. ಬೀದರದಾಗ, ಎಲ್ಲರ ಮುಂದ. ಎಂಥಾ ಕಾಗದಕ್ಕ ನಮ್ಮ ಹೆಬ್ಬಟ್ಟು ತಗೋತಾರ ಅಂಬೋದು ಸಾಹೇಬ್ರಿಗಿ ತಿಳೀಲಿ."

ಅಷ್ಟು ಹೇಳಿದವನು ತಟ್ಟನೆ ತಲೆಯೆತ್ತಿದ. "ತಡೀರಿ. ಧೋಂಡಿಬಾನ ಹತ್ತರ ಸುದ್ದಾ ಒಂದು ಅದ."

ಮರುದಿನ ಮೆಹಕರಕ್ಕೆ ಹೋದೆವು. ಧೋಂಡಿಬಾ ಅದೇ ತಬೇಲಾದಲ್ಲಿ ಕಾಲು ಕಳೆದುಕೊಂಡು ಬಂದವನು. ಕೊರಳಲ್ಲಿ ತುಳಸಿಮಾಲೆ; ಹದಿನಾರನೆಯ ವರ್ಷಕ್ಕೆ ಮಾಲೆ ಹಾಕಿಸಿಕೊಂಡು ಸೆರೆ ಮುಟ್ಟೆನೆಂದು ವ್ರತ ಹಿಡಿದ ಮಾಳಕರಿ, ಪಂಢರಪುರಕ್ಕೆ ನಡೆದುಹೋಗಿ ಬರುತ್ತಿದ್ದವನು. ಪೆಟ್ಟಿಗೆಯಿಂದ ತನ್ನ ಕಾಗದ ತೆಗೆದುಕೊಟ್ಟ. ಅದೇ ಅಕ್ಷರ, ಅದೇ ನಾಲ್ಕು ಸಾಲು: ನಾನು ನಶೆಯಲ್ಲಿದ್ದೆ. ಓದಿ ಹೇಳಿದಾಗ ಧೋಂಡಿಬಾ ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತ. ಝರೆಪ್ಪ ಅವನ ಬೆನ್ನ ಮೇಲೆ ಕೈಯಿಟ್ಟು ಕೂತ. "ನಂದೂ ಅದೇ ಅದ, ಧೋಂಡಿಬಾ. ನಂದೂ ಅದೇ," ಎಂದ. ತನ್ನ ಅವಮಾನವನ್ನು ಇನ್ನೊಬ್ಬನ ಸಮಾಧಾನಕ್ಕೆ ಹಾಗೆ ಮುಂದಿಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಜನವಾಡದಲ್ಲಿ ಅಂಥದೇ ಮೂರನೆಯ ಕಾಗದ ಸಿಕ್ಕಿತು. ನಾಲ್ಕನೆಯದಕ್ಕೆ ಔರಾದಿಗೆ ಹೊರಟ ದಿನ ಎಳ್ಳ ಅಮಾವಾಸ್ಯೆ. ಬಸ್ಸು ದಾರಿಯಲ್ಲೇ ಕೆಟ್ಟಿತು, ನಡೆದೆವು. ಹೊಲ ಹೊಲದಲ್ಲೂ ಜನ ಕೂತು ಊಟ ಮಾಡುತ್ತಿದ್ದರು. ಗುರುತಿಲ್ಲದವರು ನಮ್ಮನ್ನು ಕೂಗಿ ಕರೆದು ಭಜ್ಜಿ, ರೊಟ್ಟಿ ಬಡಿಸಿ ಅಂಬಲಿ ಕುಡಿಸಿದರು. ಝರೆಪ್ಪ ಎಡಗೈಯಿಂದ ಉಂಡ. ಬದುವಿನ ಮೇಲಿನ ಹಸಿ ಕಡಲೆ ಗಿಡ ಕಿತ್ತು ಮೂಸಿ, "ಶಬನಮ್‌ಗ ಇದು ಸಿಕ್ರ ಸಾಕಿತ್ತು, ನನ್ನ ಜೇಬಿನಾಗೇ ಮೂತಿ ಹಾಕತಿತ್ತು," ಎಂದು ನಕ್ಕ. ಕೈ ಕಳೆದ ಕುದುರೆಯ ಬಗ್ಗೆ ಅವನ ಬಾಯಲ್ಲಿ ಒಂದು ಕಹಿ ಮಾತೂ ನಾನು ಕೇಳಲಿಲ್ಲ.

ಔರಾದಿನಲ್ಲಿ ಇಂದುಬಾಯಿ. ಅವಳ ಗಂಡ ಅದೇ ತಬೇಲಾದಲ್ಲಿ ಕುದುರೆ ಒದ್ದು ಸತ್ತಿದ್ದ. ಆ ಮನೆಯವರು ಆ ದಸರೆಗೆ ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದಿದ್ದರು. ಗೋಡೆಯ ಮೇಲೆ ಬುದ್ಧನ ಹೊಸ ಪಟವಿತ್ತು. ಇಂದುಬಾಯಿಯ ಕಾಗದದಲ್ಲಿ, ನನ್ನ ಗಂಡ ನಶೆಯಲ್ಲಿದ್ದ ಎಂದಿತ್ತು. ಹೆಬ್ಬೆಟ್ಟು ಅವಳದು. ಹೆಣ ಒಪ್ಪಿಸುವಾಗ ಒತ್ತಿಸಿಕೊಂಡಿದ್ದರು.

"ನಾ ಬೀದರಕ್ಕ ಬರ್ತೇನಿ," ಎಂದಳು.

ಈ ನಡುವೆ ನಮ್ಮ ಮನೆಯಲ್ಲಿ ಅಪ್ಪ ಸಿಟ್ಟಾಗಿದ್ದರು. ಜೂಜಿನ ಕಾನೂನಿಗೆ ಮಗ ಊರೂರು ತಿರುಗುತ್ತಾನೆ ಎಂದು ಯಾರೋ ಹೇಳಿದ್ದರು. "ಆ ಕೆಲಸ ನಾಳಿಂದ ಬಿಡು," ಎಂದರು. ಬುಧವಾರ ಬೆಳಿಗ್ಗೆ ಝರೆಪ್ಪ ನನ್ನನ್ನು ಹುಡುಕಿಕೊಂಡು ಮನೆಗೆ ಬಂದ. ಅಪ್ಪ ಪೂಜೆ ಮುಗಿಸಿ ಹೊರಗೆ ಬಂದು ಅವನನ್ನೇ ನೇರವಾಗಿ ಕೇಳಿದರು: "ಬಾಜಿ ಆಡೋದು ನಿಮಗ ಚೊಲೋ ಅನಸ್ತದೇನು?"

"ಅಪ್ಪಾರ, ನಾ ಒಂದು ದಿನ ಸುದ್ದಾ ಬಾಜಿ ಕಟ್ಟಿಲ್ಲರಿ," ಎಂದ ಝರೆಪ್ಪ. "ಕಟ್ಟವರು ಕಟ್ಟೇ ಕಟ್ತಾರ, ಕದ್ದು ಕಟ್ತಾರ, ಇಲ್ಲಾ ಲೈಸನ್ ತಗೊಂಡು ಕಟ್ತಾರ. ನಾ ಬೆಳಗಾಗ ಎದ್ದು ಕುದುರಿ ಮೈ ತಿಕ್ಕತಿದ್ದೆ, ಕಾಲು ಒತ್ತತಿದ್ದೆ, ಅದರ ಲದ್ದಿ ಬಳೀತಿದ್ದೆ. ಅದು ಕಾಯಕ ಹೌದೋ ಅಲ್ಲೋ, ನೀವೇ ಹೇಳ್ರಿ."

ಅಪ್ಪ ತಾವು ಕೂಡುವ ಕಂಬಳಿಯನ್ನು ತಂದು ಹಾಸಿ, "ಕೂಡ್ರಿ, ನಾಷ್ಟಾ ಮಾಡ್ರಿ," ಎಂದರು. ಒಳಗೆ ಹೋಗುವಾಗ ನನ್ನ ಹೆಗಲು ಮುಟ್ಟಿ ಹೋದರು.

ಗುರುವಾರದ ಸಭೆಗೆ ಜನ ಕಿಕ್ಕಿರಿದಿದ್ದರು. ಝರೆಪ್ಪ ಎದ್ದು ನಿಂತು, "ಮುನ್ಷಿ ಸಾಬ್, ಓದ್ರಿ," ಎಂದ. ನಾನು ಮೊದಲು ಅವನದನ್ನು ಓದಿದೆ, ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ. ನಶೆ ಎಂಬ ಮಾತು ಬಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಝರೆಪ್ಪ ತಿರುಗಿ ನೋಡಲಿಲ್ಲ. ಧೋಂಡಿಬಾನದನ್ನು ಓದಿದೆ. ಕೋಲೂರಿ ನಿಂತಿದ್ದ ಅವನ ಕೊರಳ ಮಾಲೆಯನ್ನು ಎಲ್ಲರೂ ನೋಡಿದರು. ನಗು ನಿಂತಿತು. ಮೂರನೆಯದು ಓದುವಾಗ ಉರ್ದು ಬಲ್ಲವರು ಆ ಸಾಲನ್ನು ನನಗಿಂತ ಮೊದಲೇ ತುಟಿಯಲ್ಲಿ ಹೇಳುತ್ತಿದ್ದರು. ಕೊನೆಗೆ ಇಂದುಬಾಯಿಯದನ್ನು ಓದಿದೆ. ಶ್ರೀಕಂಠಯ್ಯನವರು ನಾಲ್ಕೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡಿದರು. ಉರ್ದು ಬಾರದ ಅವರಿಗೂ ಅವೆಲ್ಲ ಒಂದೇ ಕೈಬರಹ ಎಂಬುದು ಕಂಡಿತು.

ಆಗ ವೈಜಿನಾಥಪ್ಪ ಎದ್ದರು. ಅವರು ವಿರೋಧ ಮಾಡುತ್ತಾರೆ ಎಂದೇ ನಾನು ಅಂಜಿದ್ದೆ. ಸಾಯಿಸರ ಮಾತು ಸೇರಿದರೆ ಲೈಸೆನ್ಸು ತಡವಾಗುತ್ತದೆ ಎಂದು ಅವರ ಜೊತೆಯವರು ಗೊಣಗುತ್ತಿದ್ದರು. "ಸಾಹೇಬ್ರ, ಇಪ್ಪತ್ತು ವರ್ಷ ಆಯ್ತು ಬಾಜಿ ಬರಸಲಿಕ್ಹತ್ತಿ. ಈಗ ಕೇಳಿದ್ರೂ ನೂರು ಕುದುರಿ ಹೆಸರು ಹೇಳ್ತೇನಿ. ಹಿಡದವರ ಹೆಸರು ಒಂದೂ ಗೊತ್ತಿರ್ಲಿಲ್ಲ ನನಗ. ಇವತ್ತು ನಾಕು ಗೊತ್ತಾದವು. ಲೈಸನ್ ತಡಾ ಆದ್ರ ಆಗ್ಲಿ. ಇವರದು ಮೊದಲ ಬರಕೋರಿ."

ಶ್ರೀಕಂಠಯ್ಯನವರು ಅಲ್ಲೇ ಕೂತು ಝರೆಪ್ಪನ ಹೇಳಿಕೆಯನ್ನು ಕನ್ನಡದಲ್ಲಿ ಸ್ವತಃ ಬರೆದರು. ಕೆಲಸಗಾರರ ಹೆಸರು ದಾಖಲಾಗದ ತಬೇಲಾಗಳ ಕುದುರೆಗಳ ಮೇಲೆ ಎಲ್ಲಿಂದಲೂ ಬಾಜಿಗೆ ಅನುಮತಿ ಕೊಡಬಾರದು, ಓದಿ ಹೇಳದೆ ಹೆಬ್ಬೆಟ್ಟು ತೆಗೆದುಕೊಂಡ ಕಾಗದಕ್ಕೆ ಬೆಲೆ ಇರಬಾರದು ಎಂದು ತಮ್ಮ ಶಿಫಾರಸನ್ನೂ ಸೇರಿಸಿದರು. ಮಸಿಯ ಡಬ್ಬಿ ಮುಂದೆ ಸರಿಸಿದರು. ಝರೆಪ್ಪ ಕೈ ಚಾಚಲಿಲ್ಲ.

"ಓದ್ರಿ," ಎಂದ.

ಸಾಹೇಬರು ತಾವೇ ಓದಿದರು. ಅರ್ಧಕ್ಕೆ ಝರೆಪ್ಪ ತಡೆದ. "ಅಲ್ಲಿ ಏನೋ ಅಂದ್ರಲ್ಲ, ಕುದುರಿ ಬಗ್ಗಿ?"

"'ಕುದುರೆಯ ದುಷ್ಟತನದಿಂದ ಗಾಯವಾಗಿ' ಅಂತ ಬರೆದಿದೀನಿ."

"ಅದು ತಗೀರಿ. ಕುದುರಿದು ತಪ್ಪಿಲ್ಲರಿ. ಅದು ಬೆದರಿತ್ತು. ಬಕೀಟ ಬಿದ್ದದ್ದಕ್ಕ ಬೆದರ್ತು. ನನ್ನ ಮ್ಯಾಲ ಸುಳ್ಳು ಬರದಾರ ಅಂತ ನಾ ಆ ಮೂಕ ಜೀವದ ಮ್ಯಾಲ ಸುಳ್ಳು ಬರಸಲೇನ್ರಿ?"

ಶ್ರೀಕಂಠಯ್ಯನವರು ಆ ಸಾಲನ್ನು ಹೊಡೆದು, ಬದಿಯಲ್ಲಿ ಸಹಿ ಹಾಕಿ, ಮತ್ತೆ ಮೊದಲಿಂದ ಓದಿದರು. ಆಮೇಲೆ ಝರೆಪ್ಪ ಎಡಗೈ ಹೆಬ್ಬೆಟ್ಟು ಒತ್ತಿದ. ಸಾಹೇಬರು ತಮ್ಮ ಕರವಸ್ತ್ರ ತೆಗೆದು ಅವನ ಬೆರಳಿನ ಮಸಿ ಒರೆಸಿದರು.

ವರದಿ ಬೆಂಗಳೂರಿಗೆ ಹೋಯಿತು. ಪರಿಶೀಲನೆಯಲ್ಲಿದೆ ಎಂದು ಒಂದು ಕಾಗದ ಬಂತು, ಅದಾದ ಮೇಲೆ ಏನೂ ಬರಲಿಲ್ಲ. ವೈಜಿನಾಥಪ್ಪನವರಿಗೆ ಲೈಸೆನ್ಸು ಸಿಗಲಿಲ್ಲ. ಅವರು ಚೀಟಿ ಬರೆಸುವುದನ್ನು ಬಿಟ್ಟು ಹೋಟೆಲನ್ನಷ್ಟೇ ನಡೆಸಿದರು. ನನಗೆ ಬೇಜಾರಾಗಿತ್ತು. ಝರೆಪ್ಪ ಕಾಕಾ ಬೇಜಾರಿಗೆ ಕೂತವನಲ್ಲ. ಹೋಳಿ ಮುಗಿದ ವಾರ ಏಳು ಜನ ಹುಡುಗರನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದ. ಹಲಬರ್ಗಾ, ಮೆಹಕರದ ಹುಡುಗರು, ಬೆಂಗಳೂರಿನ ತಬೇಲಾಗಳಿಗೆ ಕೆಲಸಕ್ಕೆ ಹೊರಟವರು. ಊಟದ ಬಿಡುವಿನಲ್ಲಿ ವರಾಂಡದ ಮೇಲೆ ಅವರನ್ನು ಸಾಲಾಗಿ ಕೂರಿಸಿದ.

"ತಮ್ಮಾ, ಯಾವುದಾದ್ರೂ ಒಂದು ಕಾಗದ ಕೊಡ್ರಿ," ಎಂದ. ಕೈಗೆ ಸಿಕ್ಕ ಒಂದು ಹಳೆಯ ಸುತ್ತೋಲೆ ಕೊಟ್ಟೆ. ಅದನ್ನು ಮೊದಲ ಹುಡುಗನ ಮುಂದೆ ಹಿಡಿದು, "ನಾ ಮಾಲಕ. ಇಲ್ಲಿ ಹೆಬ್ಬಟ್ಟು ಒತ್ತು," ಎಂದು ಗದರಿಸಿದ.

ಹುಡುಗ ನಾಚಿ ತಲೆ ತಗ್ಗಿಸಿದ. ಪಕ್ಕದವರು ಕಿಸಕ್ಕೆಂದರು. ಝರೆಪ್ಪ ನಗಲಿಲ್ಲ, ಕಾಗದವನ್ನೂ ಹಿಂದೆ ತೆಗೆಯಲಿಲ್ಲ.

"ನೌಕರಿ ಬೇಕಾದ್ರ ಒತ್ತಲೇ!"

ಹುಡುಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಮೊದಲ ಓದಿ ಹೇಳ್ರಿ," ಎಂದ, ಸಣ್ಣ ದನಿಯಲ್ಲಿ.

"ಕೇಳಸಲಿಲ್ಲ."

"ಮೊದಲ ಓದಿ ಹೇಳ್ರಿ!"

ಒಳಗೆ ಊಟ ಮಾಡುತ್ತಿದ್ದ ಗುಮಾಸ್ತರೆಲ್ಲ ಏನಾಯಿತೆಂದು ಹೊರಗೆ ಬಂದು ನೋಡಿದರು. ಝರೆಪ್ಪ ಕಾಕಾ ಕಾಗದ ಹಿಡಿದುಕೊಂಡು ಎರಡನೆಯ ಹುಡುಗನ ಮುಂದೆ ಹೋಗಿ ನಿಂತಿದ್ದ.